ನೇರಳೆಯ ಆಚೆ ಕಾಗದವಿಟ್ಟ ರಿಟ್ಟರ್

ಹತ್ತನೇ ತರಗತಿಗೆ ಬೆಳಕಿನ ವರ್ಣವಿಭಜನೆಯ ಪಾಠ ಮಾಡುವಾಗ ಕರಿಹಲಗೆಯ ಮೇಲೆ ರೋಹಿತದ ಚಿತ್ರ ಬಿಡಿಸಿದೆ. ನೇರಳೆಯ ಪಕ್ಕದಲ್ಲಿ ನೇರಳಾತೀತ ಕಿರಣಗಳೆಂದು ನೇರಳೆ ಸೀಮೆಸುಣ್ಣದಲ್ಲೇ ಬರೆದೆ. ಕಣ್ಣಿಗೆ ಕಾಣದ ಕಿರಣ ಅಲ್ಲಿದೆಯೆಂದು ಗೊತ್ತಾದದ್ದು ಹೇಗೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಓದಿಕೊಂಡು ಬಂದು ಮರುದಿನ ಹೇಳಿದ್ದು ಯೋಹಾನ್ ವಿಲ್ಹೆಲ್ಮ್ ರಿಟ್ಟರ್‌ನ ಕಥೆ.

ರಿಟ್ಟರ್ ಹುಟ್ಟಿದ್ದು 1776ರಲ್ಲಿ, ಸೈಲೀಷಿಯಾದ ಒಂದು ಹಳ್ಳಿಯಲ್ಲಿ. ಹದಿನಾಲ್ಕನೇ ವಯಸ್ಸಿಗೆ ಔಷಧ ತಯಾರಕರೊಬ್ಬರ ಬಳಿ ಕೆಲಸ ಕಲಿಯಲು ಸೇರಿದ. 1796ರಲ್ಲಿ ಜರ್ಮನಿಯ ಯೇನಾ ವಿಶ್ವವಿದ್ಯಾಲಯಕ್ಕೆ ಬಂದ. 1800ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್, ರೋಹಿತದ ಕೆಂಪಿನ ಆಚೆ ಇಟ್ಟ ಉಷ್ಣಮಾಪಕದಲ್ಲಿ ತಾಪ ಏರುವುದನ್ನು ಕಂಡಿದ್ದ. ಕಾಂತಕ್ಕೆ ಎರಡು ಧ್ರುವಗಳಿರುವಂತೆ ಪ್ರಕೃತಿಯಲ್ಲಿ ಎಲ್ಲಕ್ಕೂ ಎದುರು ಜೋಡಿ ಇದೆಯೆಂದು ರಿಟ್ಟರ್ ನಂಬಿದ್ದ. ಹಾಗಾದರೆ ನೇರಳೆಯ ಆಚೆಗೂ ಏನೋ ಇರಬೇಕು ಎಂದುಕೊಂಡ.

ಅದು ಊಹೆ ಮಾತ್ರ. ಸಿಲ್ವರ್ ಕ್ಲೋರೈಡ್ ಬೆಳಕಿಗೆ ಕಪ್ಪಾಗುತ್ತದೆ, ನೇರಳೆ ಬೆಳಕಿನಲ್ಲಿ ಬೇಗ ಕಪ್ಪಾಗುತ್ತದೆ ಎಂಬುದು ಆಗಲೇ ತಿಳಿದಿತ್ತು. 1801ರಲ್ಲಿ ಆತ ಅದನ್ನು ಹಚ್ಚಿದ ಕಾಗದದ ಮೇಲೆ ಪಟ್ಟಕದಿಂದ ಬಂದ ರೋಹಿತ ಬೀಳುವಂತೆ ಮಾಡಿದ. ಎಲ್ಲಕ್ಕಿಂತ ಬೇಗ ಕಪ್ಪಾದದ್ದು ನೇರಳೆಯನ್ನೂ ದಾಟಿದ, ಬಣ್ಣವೇ ಕಾಣದ ಜಾಗ! ಆ ಕಿರಣಗಳ ತರಂಗದೂರ ನೇರಳೆಗಿಂತ ಕಡಿಮೆ, ಸುಮಾರು 10ರಿಂದ 400 ನ್ಯಾನೋಮೀಟರ್ ಎಂದು ಇಂದು ನಾವು ಕಲಿಸುತ್ತೇವೆ.

ಮುಂದಿನ ಬದುಕು ಸುಗಮವಾಗಿರಲಿಲ್ಲ. ತನ್ನ ಕಣ್ಣು, ನಾಲಿಗೆಗಳಿಗೇ ವಿದ್ಯುತ್ ಹಾಯಿಸಿಕೊಂಡು ಪ್ರಯೋಗ ಮಾಡಿ ಆರೋಗ್ಯ ಕೆಡಿಸಿಕೊಂಡ. ಮ್ಯೂನಿಕ್‌ನ ವಿಜ್ಞಾನ ಅಕಾಡೆಮಿ ಸೇರಿದ ಮೇಲೆ, ನೆಲದಡಿಯ ನೀರು, ಲೋಹಗಳನ್ನು ಪತ್ತೆಹಚ್ಚಬಲ್ಲೆನೆಂದ ಇಟಲಿಯ ರೈತನೊಬ್ಬನನ್ನು ನಂಬಿ ಕರೆತಂದ. ಅದರ ಸಾಕ್ಷ್ಯ ಇತರ ವಿಜ್ಞಾನಿಗಳಿಗೆ ಒಪ್ಪಿಗೆಯಾಗಲಿಲ್ಲ. ರಿಟ್ಟರ್ ಅವರ ವಿಶ್ವಾಸ ಕಳೆದುಕೊಂಡ. 1810ರಲ್ಲಿ, 33ನೇ ವಯಸ್ಸಿನಲ್ಲಿ, ಬಡತನದಲ್ಲೇ ತೀರಿಕೊಂಡ.

ಈ ಕೊನೆಯ ಭಾಗವನ್ನು ಮಕ್ಕಳಿಂದ ಮುಚ್ಚಿಡಬೇಕೇ ಎಂದು ಯೋಚಿಸಿದ್ದೆ. ಮುಚ್ಚಿಡಲಿಲ್ಲ. ಎರಡೂ ಕಡೆ ಇದ್ದದ್ದು ಅದೇ ಮನುಷ್ಯ, ಅಂಥದೇ ಗಟ್ಟಿ ನಂಬಿಕೆ. ಒಂದು ಕಡೆ ಕಾಗದ ಕಪ್ಪಾಗಿ ಸಾಕ್ಷಿ ಹೇಳಿತು. ಇನ್ನೊಂದು ಕಡೆ ಅಂಥ ಸಾಕ್ಷಿ ಸಿಗಲಿಲ್ಲ. ವಿಜ್ಞಾನ ಶಿಕ್ಷಕನಾಗುವ ನನಗೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ನನ್ನ ಪಾಠಯೋಜನೆಯನ್ನು ತಿದ್ದಿದ್ದೇನೆ. ಈಗ ನೇರಳೆಯ ಆಚೆ ಏನನ್ನೂ ಬರೆಯುವುದಿಲ್ಲ. ಜಾಗ ಖಾಲಿ ಬಿಟ್ಟು, ಅಲ್ಲಿ ಏನಾದರೂ ಇದೆಯೇ ಎಂದು ತಿಳಿಯುವುದು ಹೇಗೆ ಎಂದು ಮಕ್ಕಳನ್ನೇ ಮೊದಲು ಕೇಳುತ್ತೇನೆ.