ಎಡ್ಮಂಡ್ ಬರ್ಕ್

ಎಡ್ಮಂಡ್ ಬರ್ಕ್ (1729–1797) ಐರ್ಲೆಂಡ್ ಮೂಲದ ರಾಜನೀತಿಜ್ಞ, ವಾಗ್ಮಿ ಹಾಗೂ ರಾಜಕೀಯ ಚಿಂತಕ. ಸುಮಾರು ಮೂರು ದಶಕಗಳ ಕಾಲ ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಸದಸ್ಯನಾಗಿದ್ದ. ಚುನಾಯಿತ ಪ್ರತಿನಿಧಿಯು ಮತದಾರರ ಆಜ್ಞೆಯನ್ನು ಒಪ್ಪಿಸುವ ದೂತನಲ್ಲ, ಅವರ ಹಿತವನ್ನು ಸ್ವಂತ ವಿವೇಚನೆಯಿಂದ ಕಾಯುವ ವಿಶ್ವಸ್ತ ಎಂಬ ವಾದದ ಪ್ರಮುಖ ಪ್ರತಿಪಾದಕ ಈತ. ರಾಜ್ಯಶಾಸ್ತ್ರದಲ್ಲಿ ಇದು ಪ್ರಾತಿನಿಧ್ಯದ ಟ್ರಸ್ಟಿ ಮಾದರಿ ಎಂದು ಪ್ರಸಿದ್ಧವಾಗಿದೆ.

ಆರಂಭಿಕ ಜೀವನ

ಬರ್ಕ್ ಡಬ್ಲಿನ್ ನಗರದಲ್ಲಿ ಜನಿಸಿದ. ತಂದೆ ರಿಚರ್ಡ್ ಪ್ರಾಟೆಸ್ಟಂಟ್ ಪಂಥದ ವಕೀಲ; ತಾಯಿ ಮೇರಿ ನೇಗಲ್ ಕ್ಯಾಥೊಲಿಕ್. ಅಂದಿನ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ಮತದಾನದ ಹಕ್ಕಾಗಲಿ ಸರ್ಕಾರಿ ಹುದ್ದೆಯಾಗಲಿ ಇರಲಿಲ್ಲ. ಬ್ಯಾಲಿಟೋರ್‌ನ ಕ್ವೇಕರ್ ಶಾಲೆಯಲ್ಲಿಯೂ ಅನಂತರ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿಯೂ ಓದಿ, 1750ರಲ್ಲಿ ಕಾನೂನು ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿದ. ವಕೀಲನಾಗದೆ ಸಾಹಿತ್ಯದತ್ತ ಹೊರಳಿ, 1757ರಲ್ಲಿ ಭವ್ಯತೆ ಮತ್ತು ಸೌಂದರ್ಯಗಳನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದ. ಅದೇ ವರ್ಷ ಜೇನ್ ನ್ಯೂಜೆಂಟ್‌ಳನ್ನು ವಿವಾಹವಾದ. 1765ರಲ್ಲಿ ಪ್ರಧಾನಿ ರಾಕಿಂಗ್‌ಹ್ಯಾಮ್‌ನ ಖಾಸಗಿ ಕಾರ್ಯದರ್ಶಿಯಾಗಿ ನೇಮಕಗೊಂಡು, ಅದೇ ವರ್ಷ ವೆಂಡೋವರ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ.

ಬ್ರಿಸ್ಟಲ್ ಭಾಷಣ

1774ರಲ್ಲಿ ಬರ್ಕ್ ಪ್ರಮುಖ ಬಂದರು ನಗರವಾದ ಬ್ರಿಸ್ಟಲ್‌ನಿಂದ ಆಯ್ಕೆಯಾದ. ಆ ಕ್ಷೇತ್ರಕ್ಕೆ ಇಬ್ಬರು ಪ್ರತಿನಿಧಿಗಳಿದ್ದರು. ಜೊತೆಗೆ ಗೆದ್ದ ಹೆನ್ರಿ ಕ್ರೂಗರ್ ಮತದಾರರ ಸೂಚನೆಗಳಿಗೆ ಬದ್ಧನಾಗಿರುವೆನೆಂದು ಒಪ್ಪಿಕೊಂಡಿದ್ದ. ನವೆಂಬರ್ 3ರಂದು ಮಾಡಿದ ಭಾಷಣದಲ್ಲಿ ಬರ್ಕ್ ಇದನ್ನು ನಿರಾಕರಿಸಿದ. ಮತದಾರರ ಅಭಿಪ್ರಾಯವನ್ನು ಗೌರವದಿಂದ ಆಲಿಸಬೇಕು, ಅವರಿಗಾಗಿ ದುಡಿಯಬೇಕು. ಆದರೆ ತನ್ನ ವಿವೇಚನೆಯನ್ನು ಅವರಿಗೆ ಒಪ್ಪಿಸಿಬಿಡುವ ಪ್ರತಿನಿಧಿ ಅವರಿಗೇ ದ್ರೋಹ ಬಗೆದಂತೆ ಎಂಬುದು ಈತನ ನಿಲುವು. ಚರ್ಚೆ ನಡೆಯುವ ಮೊದಲೇ ನಿರ್ಧಾರವಾಗಿಬಿಟ್ಟರೆ ಶಾಸನಸಭೆಗೆ ಅರ್ಥವಿಲ್ಲವೆಂದು ಈತ ಭಾವಿಸಿದ್ದ.

ಈ ವಾದವನ್ನು ಇಂಗ್ಲಿಷ್ ನ್ಯಾಸ ಕಾನೂನಿನೊಂದಿಗೆ ಹೋಲಿಸಬಹುದು. ಆ ಕಾನೂನಿನಲ್ಲಿ ಆಸ್ತಿಯ ಒಡೆತನ ಟ್ರಸ್ಟಿಯ ಹೆಸರಿನಲ್ಲಿರುತ್ತದೆ, ಅದರ ಫಲ ಫಲಾನುಭವಿಗೆ ಸೇರುತ್ತದೆ. ಟ್ರಸ್ಟಿಯು ಏಜೆಂಟನಂತೆ ಇನ್ನೊಬ್ಬನ ಅಪ್ಪಣೆಯ ಮೇರೆಗೆ ನಡೆಯುವವನಲ್ಲ. ಆದರೆ ಆತ ನ್ಯಾಸದಿಂದ ಸ್ವಂತ ಲಾಭ ಮಾಡಿಕೊಳ್ಳುವಂತಿಲ್ಲ. ಲೆಕ್ಕ ಒಪ್ಪಿಸಬೇಕು, ಕರ್ತವ್ಯಲೋಪವೆಸಗಿದರೆ ನ್ಯಾಯಾಲಯಕ್ಕೆ ಉತ್ತರಿಸಬೇಕು. ವಿವೇಚನೆಯ ಸ್ವಾತಂತ್ರ್ಯ ಮತ್ತು ಉತ್ತರದಾಯಿತ್ವ ಎಂಬ ಈ ಎರಡು ಮುಖಗಳೂ ಬರ್ಕ್‌ನ ಚಿಂತನೆಯಲ್ಲಿವೆ. ಬ್ರಿಸ್ಟಲ್ ಭಾಷಣದಲ್ಲಿ ಕಾಣುವುದು ಮೊದಲನೆಯದು ಮಾತ್ರ.

ಈ ನಿಲುವಿಗೆ ಆತ ಬೆಲೆ ತೆರಬೇಕಾಯಿತು. ಐರ್ಲೆಂಡಿನ ವ್ಯಾಪಾರದ ಮೇಲಿನ ನಿರ್ಬಂಧಗಳ ಸಡಿಲಿಕೆಯನ್ನು ಬೆಂಬಲಿಸಿದ್ದು ಸ್ಪರ್ಧೆಗೆ ಅಂಜಿದ ಬ್ರಿಸ್ಟಲ್ ವರ್ತಕರನ್ನು ಕೆರಳಿಸಿತು. ಕ್ಯಾಥೊಲಿಕರ ಪರವಾದ ನಿಲುವೂ ಅಸಮಾಧಾನಕ್ಕೆ ಕಾರಣವಾಯಿತು. 1780ರ ಚುನಾವಣೆಯಲ್ಲಿ ಸೋಲು ಖಚಿತವೆಂದು ಅರಿತು ಬರ್ಕ್ ಕಣದಿಂದ ಹಿಂದೆ ಸರಿದ. ಮುಂದೆ 1794ರವರೆಗೆ ಪ್ರತಿನಿಧಿಸಿದ್ದು ರಾಕಿಂಗ್‌ಹ್ಯಾಮ್ ಮನೆತನದ ಹಿಡಿತದಲ್ಲಿದ್ದ ಮಾಲ್ಟನ್ ಎಂಬ ಸಣ್ಣ ಕ್ಷೇತ್ರವನ್ನು. ಸ್ವತಂತ್ರ ವಿವೇಚನೆಯನ್ನು ಪ್ರತಿಪಾದಿಸಿದವನಿಗೆ ಒಬ್ಬ ಶ್ರೀಮಂತನ ಆಶ್ರಯವೇ ನೆಲೆಯಾಯಿತು.

ಭಾರತ ಮತ್ತು ಅಧಿಕಾರದ ನ್ಯಾಸ

ಎರಡನೆಯ ಮುಖವಾದ ಉತ್ತರದಾಯಿತ್ವ ಸ್ಪಷ್ಟವಾಗಿ ಪ್ರಕಟವಾದದ್ದು ಭಾರತದ ಪ್ರಶ್ನೆಯಲ್ಲಿ. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯನ್ನು ನಿಯಂತ್ರಿಸಲು ಚಾರ್ಲ್ಸ್ ಜೇಮ್ಸ್ ಫಾಕ್ಸ್ ಮಂಡಿಸಿದ ಮಸೂದೆಯನ್ನು ಬೆಂಬಲಿಸಿ ಡಿಸೆಂಬರ್ 1ರಂದು ಬರ್ಕ್ ಮಾತನಾಡಿದ. ಜನರ ಮೇಲಿನ ಅಧಿಕಾರ ಯಾವುದೇ ಇರಲಿ, ಅದು ಅವರ ಹಿತಕ್ಕಾಗಿ ನೀಡಲಾದ ನ್ಯಾಸ. ಅದನ್ನು ದುರುಪಯೋಗಪಡಿಸಿದರೆ ಸನ್ನದು ಇದ್ದರೂ ಹಕ್ಕು ಉಳಿಯದು ಎಂದು ವಾದಿಸಿದ. ಕೆಳಮನೆ ಒಪ್ಪಿದ ಆ ಮಸೂದೆ ಮೇಲ್ಮನೆಯಲ್ಲಿ ಬಿದ್ದುಹೋಯಿತು.

1785ರಲ್ಲಿ ಆರ್ಕಾಟಿನ ನವಾಬನ ಸಾಲಗಳ ಕುರಿತು ಮಾಡಿದ ಭಾಷಣದಲ್ಲಿ, ಕಂಪನಿಯ ನೌಕರರೂ ಲೇವಾದೇವಿಗಾರರೂ ಹೂಡಿದ ಸಂಶಯಾಸ್ಪದ ಸಾಲದ ಹಕ್ಕುಗಳನ್ನು ವಿಚಾರಣೆಯಿಲ್ಲದೆ ಪ್ರಜೆಗಳ ಮೇಲೆ ಹೊರಿಸುವುದನ್ನು ಖಂಡಿಸಿದ. 1780ರಲ್ಲಿ ಮೈಸೂರಿನ ಹೈದರ್ ಅಲಿಯು ಕರ್ನಾಟಿಕ್ ಪ್ರದೇಶದ ಮೇಲೆ, ಅಂದರೆ ಇಂದಿನ ತಮಿಳುನಾಡಿನ ಭಾಗಗಳ ಮೇಲೆ, ನಡೆಸಿದ ದಂಡಯಾತ್ರೆಯ ಪ್ರಸಿದ್ಧ ವರ್ಣನೆ ಈ ಭಾಷಣದಲ್ಲಿದೆ. ಹಿಂದಿನ ಅರಸರು ಕಟ್ಟಿಸಿದ ಕೆರೆಗಳನ್ನೂ ಆತ ನೆನೆದ. ಕಂದಾಯವೆಲ್ಲ ಸಾಲಗಾರರ ಪಾಲಾದರೆ ಅವುಗಳ ದುರಸ್ತಿಗೆ ಹಣವೆಲ್ಲಿಯದು ಎಂಬುದು ಆತನ ಪ್ರಶ್ನೆಯಾಗಿತ್ತು.

ಬರ್ಕ್‌ನ ಮುಂದಾಳತ್ವದಲ್ಲಿ ಮಾಜಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ಮಹಾಭಿಯೋಗ ಹೂಡಲಾಯಿತು. ಬನಾರಸಿನ ರಾಜ ಚೇತ್ ಸಿಂಗ್ ಹಾಗೂ ಔಧದ ಬೇಗಂಗಳ ವಿಷಯದಲ್ಲಿ ಎಸಗಿದ ಅನ್ಯಾಯ ಮುಖ್ಯ ಆರೋಪಗಳಲ್ಲಿ ಸೇರಿದ್ದವು. 1788ರ ಫೆಬ್ರವರಿಯಲ್ಲಿ ಆರಂಭವಾದ ವಿಚಾರಣೆ ಏಳು ವರ್ಷ ನಡೆದು, 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ.

ಕೊನೆಯ ವರ್ಷಗಳು

1790ರಲ್ಲಿ ಪ್ರಕಟವಾದ ಫ್ರಾನ್ಸಿನ ಕ್ರಾಂತಿಯನ್ನು ಕುರಿತ ಗ್ರಂಥ ಬರ್ಕ್‌ಗೆ ಯುರೋಪಿನಾದ್ಯಂತ ಖ್ಯಾತಿಯನ್ನೂ ವಿರೋಧವನ್ನೂ ತಂದಿತು. ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮತ್ತು ಥಾಮಸ್ ಪೇನ್ ಅದಕ್ಕೆ ಉತ್ತರವಾಗಿ ಕೃತಿಗಳನ್ನು ಬರೆದರು. ಫಾಕ್ಸ್‌ನೊಂದಿಗಿನ ಸ್ನೇಹವೂ 1791ರಲ್ಲಿ ಮುರಿಯಿತು. 1794ರಲ್ಲಿ ಪಾರ್ಲಿಮೆಂಟಿನಿಂದ ನಿವೃತ್ತನಾದ. ಅದೇ ವರ್ಷ ಮಗ ರಿಚರ್ಡ್ ತೀರಿಕೊಂಡ. 1797ರ ಜುಲೈ 9ರಂದು ಬೀಕನ್ಸ್‌ಫೀಲ್ಡ್‌ನಲ್ಲಿ ಬರ್ಕ್ ನಿಧನನಾದ.

ಪ್ರಭಾವ ಮತ್ತು ವಿಮರ್ಶೆ

ಪ್ರತಿನಿಧಿ ಮತದಾರರ ಆದೇಶವನ್ನು ಪಾಲಿಸಬೇಕೇ, ಸ್ವಂತ ವಿವೇಚನೆಯಂತೆ ನಡೆಯಬೇಕೇ ಎಂಬ ಚರ್ಚೆಯಲ್ಲಿ ಬ್ರಿಸ್ಟಲ್ ಭಾಷಣವನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ. ಹನ್ನಾ ಪಿಟ್ಕಿನ್ 1967ರಲ್ಲಿ ಪ್ರಾತಿನಿಧ್ಯವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಬರ್ಕ್‌ನ ವಿಚಾರಗಳ ವಿಸ್ತೃತ ವಿಶ್ಲೇಷಣೆಯಿದೆ. ಬರ್ಕ್ ಮತದಾನದ ಹಕ್ಕಿನ ವಿಸ್ತರಣೆಯನ್ನು ವಿರೋಧಿಸಿದ್ದ. ಮತವಿಲ್ಲದವರ ಹಿತವನ್ನೂ ಯೋಗ್ಯರಾದವರು ಕಾಯಬಲ್ಲರೆಂಬುದು ಆತನ ನಂಬಿಕೆಯಾಗಿತ್ತು. ನ್ಯಾಸ ಕಾನೂನಿನಲ್ಲಿ ತಪ್ಪಿದ ಟ್ರಸ್ಟಿಯ ವಿರುದ್ಧ ಫಲಾನುಭವಿಯೇ ನ್ಯಾಯಾಲಯದ ಮೆಟ್ಟಿಲೇರಬಹುದು. ಕಂಪನಿಯ ಆಳ್ವಿಕೆಗೆ ಒಳಗಾದ ಭಾರತೀಯರಿಗೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಅಂತಹ ದಾರಿ ಇರಲಿಲ್ಲ. ಅವರ ಪರವಾಗಿ ಬೇರೆಯವರು ಮಾತನಾಡಬೇಕಿತ್ತು. ಹೇಸ್ಟಿಂಗ್ಸ್ ವಿಚಾರಣೆಯ ಫಲಿತಾಂಶ ಈ ಮಾದರಿಯ ಮಿತಿಯನ್ನು ತೋರಿಸುತ್ತದೆ. ಆದರೆ ಅಧಿಕಾರಸ್ಥರು ತಾವು ಆಳುವ ಜನರ ಹಿತಕ್ಕೆ ಉತ್ತರದಾಯಿಗಳೆಂಬ ತತ್ತ್ವವನ್ನು ಪಾರ್ಲಿಮೆಂಟಿನ ಮುಂದೆ ಸ್ಪಷ್ಟವಾಗಿ ಮಂಡಿಸಿದವರಲ್ಲಿ ಬರ್ಕ್ ಪ್ರಮುಖನಾಗಿದ್ದಾನೆ.