ಪಾಠದಾಚೆಯ ಪ್ರಶ್ನೆ

ಬೋಧನಾಭ್ಯಾಸದಲ್ಲಿ ಕುಷ್ಟಗಿಯ ಶಾಲೆಯೊಂದರ ಒಂಬತ್ತನೆಯ ತರಗತಿಗೆ ಮಾರ್ಟಿನ್ ಲೂಥರನ ಜೀವನವನ್ನು ಪಾಠ ಮಾಡಿದೆನು.

ಲೂಥರ್ 1483ರಲ್ಲಿ ಜರ್ಮನಿಯ ಐಸ್ಲೆಬೆನ್‌ನಲ್ಲಿ ಹುಟ್ಟಿ, 1505ರಲ್ಲಿ ಸನ್ಯಾಸಿಯಾದನು. ಉಪವಾಸ, ಜಾಗರಣೆ ಎಷ್ಟು ಮಾಡಿದರೂ ನೆಮ್ಮದಿ ಸಿಗಲಿಲ್ಲ. ವಿಟೆನ್‌ಬರ್ಗ್‌ನಲ್ಲಿ ಬೈಬಲ್ ಬೋಧಿಸುತ್ತಾ, ಕ್ಷಮೆಯು ದೇವರ ಕೃಪೆ, ಕ್ರಿಸ್ತನಲ್ಲಿ ನಂಬಿಕೆಯೊಂದೇ ಸಾಕು ಎಂದು ಅರಿತನು. ಅದೇ ಕಾಲಕ್ಕೆ ರೋಮಿನ ಸಂತ ಪೀಟರರ ಚರ್ಚು ಕಟ್ಟಲೆಂದು ಕ್ಷಮಾಪಣಾ ಪತ್ರಗಳನ್ನು ಮಾರಲಾಗುತ್ತಿತ್ತು. 1517ರ ಅಕ್ಟೋಬರ್ 31ರಂದು ಅದರ ವಿರುದ್ಧ 95 ವಾದಗಳನ್ನು ಮುಂದಿಟ್ಟನು. 1521ರಲ್ಲಿ ಪೋಪರು ಬಹಿಷ್ಕರಿಸಿದರು; ವರ್ಮ್ಸ್ ಸಭೆಯಲ್ಲಿ ಚಕ್ರವರ್ತಿಯ ಎದುರಿಗೂ ಅವನು ಮಾತು ಹಿಂತೆಗೆಯಲಿಲ್ಲ. ಮರುವರ್ಷ ಹೊಸ ಒಡಂಬಡಿಕೆಯನ್ನು ಜನರ ಜರ್ಮನ್ ಭಾಷೆಯಲ್ಲಿ ಹೊರತಂದನು. ನಮ್ಮ ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದದ್ದನ್ನು ಇದಕ್ಕೆ ಜೋಡಿಸಿ ಹೇಳಿದಾಗ ಮಕ್ಕಳ ಕಣ್ಣರಳಿದವು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಲೂಥರ್ ಬಡವರ ಪರವೂ ನಿಂತನೇ ಎಂದು ಕೇಳಿದಳು. ಅದು ಪಾಠದಲ್ಲಿಲ್ಲ ಎಂದು ಕೂರಿಸಿದೆನು. ಉತ್ತರ ನನಗೆ ಗೊತ್ತಿತ್ತು. 1525ರಲ್ಲಿ ರೈತರು ದಂಗೆಯೆದ್ದಾಗ ಅವನು ಅವರನ್ನು ಹತ್ತಿಕ್ಕಿದ ಅರಸರ ಪಕ್ಷ ವಹಿಸಿದ್ದನು. ನಾಯಕನ ಚಿತ್ರ ಕೆಡಬಾರದೆಂದು ಮುಚ್ಚಿಟ್ಟಿದ್ದೆನು.

ರಾತ್ರಿ ಪಾಠಯೋಜನೆ ತಿದ್ದುವಾಗ ನಾಚಿಕೆಯಾಯಿತು. ಅಧಿಕಾರವನ್ನು ಪ್ರಶ್ನಿಸಿದವನ ಪಾಠದಲ್ಲಿ ನನ್ನ ಅಧಿಕಾರದಿಂದಲೇ ಪ್ರಶ್ನೆಯನ್ನು ಅಡಗಿಸಿದ್ದೆನು. ಮರುದಿನ ಅವಳ ಪ್ರಶ್ನೆಯಿಂದಲೇ ಪಾಠ ಆರಂಭಿಸಿ, ಉತ್ತರವನ್ನು ಪೂರ್ತಿ ಹೇಳಿದೆನು. 1546ರಲ್ಲಿ ತೀರಿಕೊಂಡ ಲೂಥರ್ ಆ ದಿನ ಮಕ್ಕಳಿಗೆ ಸಣ್ಣವನಾಗಲಿಲ್ಲ, ಮನುಷ್ಯನಾದನು.