ಸೂಲಗಿತ್ತಿ ನರಸಮ್ಮ: 15 ಸಾವಿರ ಹೆರಿಗೆಗಳಲ್ಲಿ ತಾಯಂದಿರ ಜೊತೆಗಿದ್ದ ಜೀವ

ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಕೃಷ್ಣಾಪುರದ ನರಸಮ್ಮ ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಸುಮಾರು 70 ವರ್ಷಗಳಲ್ಲಿ 15 ಸಾವಿರಕ್ಕೂ ಹೆಚ್ಚು ಸಹಜ ಹೆರಿಗೆ ಮಾಡಿಸಿದ ಹೆಗ್ಗಳಿಕೆ ಅವರದು. ಸರಾಸರಿ ಲೆಕ್ಕ ಹಾಕಿದರೆ ವಾರಕ್ಕೆ ನಾಲ್ಕು. ಯಾರಿಂದಲೂ ಹಣ ಪಡೆಯಲಿಲ್ಲ. ಹೆರಿಗೆ ಮಾಡಿಸುವಾಕೆ ಎಂಬ ಅರ್ಥದ ಸೂಲಗಿತ್ತಿ ಎಂಬ ಪದ ಕೊನೆಗೆ ಅವರ ಹೆಸರಿನ ಭಾಗವೇ ಆಯಿತು.

ಅಜ್ಜಿಯೇ ಮೊದಲ ಗುರು

ನರಸಮ್ಮ ಹುಟ್ಟಿದ್ದು 1920ರಲ್ಲಿ. 12ನೇ ವಯಸ್ಸಿಗೆ ಅಂಜಿನಪ್ಪ ಅವರೊಂದಿಗೆ ಮದುವೆಯಾಯಿತು. 12 ಮಕ್ಕಳನ್ನು ಹೆತ್ತರು. ಅವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಅವರ ಐದು ಹೆರಿಗೆಗಳಲ್ಲಿ ನೆರವಾದವರು ಅಜ್ಜಿ ಮರಿಗೆಮ್ಮ. ಆ ಅಜ್ಜಿಯಿಂದಲೇ ನರಸಮ್ಮ ಈ ವಿದ್ಯೆ ಕಲಿತರು. ಹೀಗಾಗಿ ಹೆರಿಗೆ ನೋವು ಅವರಿಗೆ ಹೊರಗಿನಿಂದ ನೋಡಿ ತಿಳಿದ ವಿಷಯವಾಗಿರಲಿಲ್ಲ. ಮಗುವನ್ನು ಕಳೆದುಕೊಳ್ಳುವ ಸಂಕಟವೂ ಅವರಿಗೆ ಗೊತ್ತಿತ್ತು.

1940ರಲ್ಲಿ, 20ನೇ ವಯಸ್ಸಿನಲ್ಲಿ, ತಮ್ಮ ಚಿಕ್ಕಮ್ಮನ ಹೆರಿಗೆಗೆ ನೆರವಾಗುವ ಮೂಲಕ ಈ ಕೆಲಸ ಆರಂಭಿಸಿದರು. ಊರಿಗೆ ಬರುತ್ತಿದ್ದ ಅಲೆಮಾರಿ ಸಮುದಾಯದವರಿಂದ ಬಸುರಿಯರಿಗೆ ಕೊಡುವ ನಾಟಿ ಔಷಧ ತಯಾರಿಸುವುದನ್ನೂ ಕಲಿತರು. ಹೊಟ್ಟೆ ಮುಟ್ಟಿ ನೋಡಿಯೇ ಮಗು ಯಾವ ಸ್ಥಿತಿಯಲ್ಲಿದೆ ಎಂದು ಅವರು ಹೇಳಬಲ್ಲರು ಎಂಬ ನಂಬಿಕೆ ಸುತ್ತಲಿನ ಹಳ್ಳಿಗಳಲ್ಲಿತ್ತು. ಮುಂದೆ ತಮ್ಮ ವಿದ್ಯೆಯನ್ನು ಹಲವರಿಗೆ ಕಲಿಸಿದರು.

ಆಸ್ಪತ್ರೆ ದೂರವಿದ್ದ ಕಾಲ

ಆಂಧ್ರದ ಗಡಿಗೆ ಹೊಂದಿಕೊಂಡ ಬರಪೀಡಿತ ಪಾವಗಡದಲ್ಲಿ ಆಗ ವೈದ್ಯರು, ವಾಹನ ಎರಡೂ ಅಪರೂಪ. ಅಂಥಲ್ಲಿ ಸೂಲಗಿತ್ತಿ ಎಂದರೆ ಹೆರಿಗೆಯಾಗುವವರೆಗೆ ಹತ್ತಿರದಲ್ಲೇ ಇದ್ದು ಧೈರ್ಯ ಹೇಳುವ ಹಿರಿಯ ಹೆಂಗಸು. ಹಾಗೆಂದು ಆ ಕಾಲ ಸುರಕ್ಷಿತವಾಗಿರಲಿಲ್ಲ. ವಿಪರೀತ ರಕ್ತಸ್ರಾವವಾದರೆ ರಕ್ತ ಬೇಕು, ಮಗು ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆ ಬೇಕು. ಎಷ್ಟೇ ಅನುಭವವಿದ್ದರೂ ಕೈಗುಣ ಒಂದರಿಂದ ಇವು ಆಗುವಂಥದ್ದಲ್ಲ. ಇಂದು ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ ಎನ್ನುತ್ತದೆ 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇದರಿಂದ ಎಷ್ಟೋ ಜೀವಗಳು ಉಳಿದಿವೆ. ಆದರೆ ಸೂಲಗಿತ್ತಿ ಕೂರುತ್ತಿದ್ದ ಜಾಗ ಅನೇಕ ಹೆರಿಗೆ ಕೋಣೆಗಳಲ್ಲಿ ಖಾಲಿ ಉಳಿಯಿತು.

ದೆಹಲಿಯವರೆಗೆ

ನರಸಮ್ಮ ಅವರನ್ನು ನಾಡು ಗುರುತಿಸಿದ್ದು ತಡವಾಗಿ. 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ರಾಮನಾಥ್ ಕೋವಿಂದ್ ಅವರಿಂದ ಪದ್ಮಶ್ರೀ ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅವರಿಗೆ 98 ವರ್ಷವಾಗಿತ್ತು.

ಅವರು ತೀರಿಕೊಂಡ ಅದೇ ತಿಂಗಳು ಕೇಂದ್ರ ಸರ್ಕಾರ ದೆಹಲಿಯಲ್ಲಿ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿ ಬಿಡುಗಡೆ ಮಾಡಿತು. ಸಹಜ ಹೆರಿಗೆ ನೋಡಿಕೊಳ್ಳಲು ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಡುವುದು, ತೊಡಕು ಕಂಡರೆ ವೈದ್ಯರಿಗೆ ಒಪ್ಪಿಸುವುದು ಅದರ ಉದ್ದೇಶ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ತಾಯಿಯ ಜೊತೆ ಒಬ್ಬ ಸಂಗಾತಿ ಇರಲು 2016ರಲ್ಲೇ ಅವಕಾಶ ನೀಡಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಪ್ರತಿ ಹೆರಿಗೆಗೆ ಇದನ್ನೇ ಶಿಫಾರಸು ಮಾಡಿದೆ.

ಸಹಜ ಹೆರಿಗೆ ಬಯಸುವ ಇಂದಿನ ಗರ್ಭಿಣಿ ಮನೆಯಲ್ಲೇ ಹೆರಬೇಕು ಎಂದು ನರಸಮ್ಮ ಅವರ ಬದುಕಿನಿಂದ ಅರ್ಥ ಮಾಡಿಕೊಳ್ಳಬೇಕಿಲ್ಲ. ನೋವಿನ ಹೊತ್ತಿನಲ್ಲಿ ತಾಯಿ ಒಬ್ಬಂಟಿಯಾಗಬಾರದು ಎಂಬುದೇ ಅದರಿಂದ ತಿಳಿಯಬೇಕಾದ ಮಾತು. ಅಮ್ಮ, ಅಕ್ಕ, ಅತ್ತೆ, ಗಂಡ, ಇವರಲ್ಲಿ ಯಾರು ಜೊತೆಗಿದ್ದರೆ ತನಗೆ ಧೈರ್ಯ ಎಂಬುದನ್ನು ಆಕೆಯೇ ತೀರ್ಮಾನಿಸಬೇಕು. ಅವರನ್ನು ಒಳಗೆ ಬಿಡುತ್ತಾರೆಯೇ ಎಂದು ಆಸ್ಪತ್ರೆಯಲ್ಲಿ ತಿಂಗಳುಗಳ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.